ಯಾರ ಜೊತೆ ಯಾರನ್ನ ಆಡಿಸ್ಬೇಕು: ಬ್ಯಾಸ್ಕೆಟ್‌ಬಾಲ್ ಲೈನಪ್ ಲೆಕ್ಕ ಹಾಕೋಕೆ ಸಮಗ್ರ ಮಾರ್ಗದರ್ಶಿ

ಟೂರ್ನಮೆಂಟ್ ಶುರುವಾದ್ರೆ ಸಾಕು, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ ಕಡೆಯ ಕೋಚ್‌ಗಳು, ಪಿಟಿ ಮಾಸ್ಟ್ರು, ಕ್ಲಬ್ ಹುಡುಗ್ರು ಎಲ್ರೂ ಎಕ್ಸೆಲ್ ಶೀಟ್ ಕಳಿಸಿ "ಅಣ್ಣ ನೋಡಿ, ಈ ಐದು ಜನ ಪ್ಲಸ್ 14, ಅಂದ್ರೆ ಇವ್ರು ಒಳಗಿದ್ದಾಗ ನಾವು 14 ಪಾಯಿಂಟ್ ಮುಂದೆ, ಫೈನಲ್‌ಗೆ ಇವ್ರನ್ನೇ ಇಳಿಸ್ಲಾ" ಅಂತ ಕೇಳ್ತಾರೆ. ಶೀಟ್ ಓಪನ್ ಮಾಡಿದ್ರೆ ಆ ಐದು ಜನ ಒಟ್ಟಿಗೆ ಆಡಿರೋದೇ ನಾಲ್ಕು ನಿಮಿಷ, ಅದೂ ಮೊದಲ ರೌಂಡಲ್ಲಿ, ಎದುರು ಟೀಮ್ ಆಗ್ಲೇ ಕೈಚೆಲ್ಲಿ ಬೆಂಚಿನ ಹುಡುಗ್ರನ್ನ ಬಿಟ್ಟಿದ್ದಾಗ.

ಎಡವೋದು ಎಲ್ರೂ ಒಂದೇ ಜಾಗದಲ್ಲಿ. ಕೊನೆಗೆ ನೋಡ್ಬೇಕಾದ್ದನ್ನ ಮೊದ್ಲು ನೋಡ್ತಾರೆ. ಐದು ಜನರ ನಂಬರ್ ಕೊನೆಗೆ ಬರೋದು, ಅದಕ್ಕೂ ಮುಂಚೆ ಸಬ್ ಲೆಕ್ಕ (ಯಾರು ಹೊರಗೆ ಹೋಗಿ ಯಾರು ಒಳಗೆ ಬಂದ್ರು ಅನ್ನೋದು), ಆಮೇಲೆ ಪೊಸೆಷನ್ ಲೆಕ್ಕ, ಆಮೇಲೆ ಜೋಡಿ ಲೆಕ್ಕ. ಈ ಕ್ರಮದಲ್ಲೇ ಹೋಗಿ, ಮಧ್ಯದಲ್ಲಿ ಒಂದು ಮೆಟ್ಟಿಲು ಹಾರಿದ್ರೆ ಮುಂದೆ ಏನು ಮಾಡಿದ್ರೂ ಸರಿಹೋಗಲ್ಲ.

ಬೇಕಾಗೋ ಸಾಮಾನು

ಗೆರೆ ಇರೋ ನೋಟ್‌ಬುಕ್, ಪೆನ್ಸಿಲ್, ಕ್ಲಿಪ್ ಇರೋ ಪ್ಯಾಡ್, ಒಂದು ಫೋನು, ಅದಕ್ಕೆ ಸ್ಟ್ಯಾಂಡು, ಮತ್ತೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್. ಜೆಲ್ ಪೆನ್ ಬೇಡವೇ ಬೇಡ, ನಮ್ಮೂರ ಮಳೆ ಗೊತ್ತಲ್ಲ, ಎರಡು ಹನಿ ಬಿದ್ರೆ 8 ಇದ್ದಿದ್ದು ನೀಲಿ ಕಲೆ ಆಗುತ್ತೆ. ಗ್ರೌಂಡಲ್ಲಿ ನೆಟ್‌ವರ್ಕ್ ನಂಬ್ಕೋಬೇಡಿ, ಲೈವಾಗಿ ಶೀಟ್‌ಗೆ ತುಂಬಿಸ್ತೀನಿ ಅಂತ ಹೊರಟವ್ರು ಎರಡನೇ ಕ್ವಾರ್ಟರ್‌ಗೆ ಕೈಬಿಡ್ತಾರೆ. ಪೇಪರಲ್ಲಿ ಬರೆದು ರಾತ್ರಿ ಮನೇಲಿ ಹಾಕಿ.

ಜನ ಇಬ್ರು ಬೇಕು. ಒಬ್ಬ ಸಬ್ ಮತ್ತು ಸ್ಕೋರ್ ಬರೆಯೋಕೆ, ಇನ್ನೊಬ್ಬ ಪೊಸೆಷನ್ ಎಣಿಸೋಕೆ. ಒಬ್ನೇ ಎರಡೂ ಮಾಡ್ತೀನಿ ಅಂದ್ರೆ ಫಾಸ್ಟ್ ಬ್ರೇಕ್ ಬಂದಾಗ ಎರಡೂ ತಪ್ಪುತ್ತೆ. ಬೆಂಚಲ್ಲಿ ಕೂತಿರೋ ಆಟಗಾರನಿಗೆ ಈ ಕೆಲಸ ಕೊಡ್ಬೇಡಿ, ಅವನನ್ನ ಒಳಗೆ ಕಳಿಸಿದ ಕ್ಷಣದಿಂದ ಲೆಕ್ಕ ನಿಂತಿರುತ್ತೆ.

ಹಂತ 1: ಪ್ರತಿ ಸಬ್‌ಗೂ ಸ್ಕೋರ್ ಬರೆದಿಡಿ

ಅಫಿಷಿಯಲ್ ಸ್ಕೋರ್ ಶೀಟ್ ಇದ್ಯಲ್ಲ, ಅದ್ರಿಂದಲೇ ತೆಗೀತೀನಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಆಗಲ್ಲ. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಸ್ಕೋರ್ ಶೀಟಲ್ಲಿ ಆಟಗಾರ ಮೊದಲ ಸಲ ಒಳಗೆ ಬಂದಾಗ ಅವನ ಹೆಸರಿನ ಮುಂದೆ ಒಂದು ಗುಣಿಸು ಗುರುತು ಹಾಕ್ತಾರೆ, ಶುರುವಿನ ಐದು ಜನರ ಗುರುತಿಗೆ ಸುತ್ತು ಹಾಕ್ತಾರೆ, ಅಷ್ಟೇ. ಅವನು ಯಾವಾಗ ಹೊರಗೆ ಹೋದ, ಮತ್ತೆ ಯಾವಾಗ ಬಂದ, ಯಾರ ಜಾಗಕ್ಕೆ ಬಂದ, ಯಾವುದೂ ಅದ್ರಲ್ಲಿ ಇರಲ್ಲ. ರನ್ನಿಂಗ್ ಸ್ಕೋರ್ ಕಾಲಂ ಮಾತ್ರ ಚಿನ್ನ, ಯಾವ ಪಾಯಿಂಟ್ ಆದ್ಮೇಲೆ ಯಾವ ಪಾಯಿಂಟ್ ಬಂತು ಅನ್ನೋ ಕ್ರಮ ಅಲ್ಲಿ ಪೂರ್ತಿ ಸಿಗುತ್ತೆ.

ಹಾಗಾಗಿ ನೀವು ಬರೀಬೇಕಾದ್ದು ಒಂದೇ ಸಾಲು: ಕ್ವಾರ್ಟರ್, ಆ ಕ್ಷಣದ ಸ್ಕೋರ್, ಯಾರು ಹೊರಗೆ, ಯಾರು ಒಳಗೆ. "ಕ್ವಾ 2, 23-19, 11 ಹೊರಗೆ, 12 ಒಳಗೆ" ಹೀಗೆ. ಎಷ್ಟೋ ಕಡೆ ಗೋಡೆ ಮೇಲೆ ಗಡಿಯಾರನೇ ಇರಲ್ಲ, ಟೇಬಲ್ ಮೇಲಿನ ಸ್ಟಾಪ್‌ವಾಚ್ ನಮ್ಗೆ ಕಾಣಲ್ಲ, ಅದಕ್ಕೆ ಟೈಮಿಗಿಂತ ಸ್ಕೋರ್ ನಂಬೋದು ಸುಲಭ. ಸ್ಕೋರ್ ಬರೆದಿದ್ರೆ ಆಮೇಲೆ ರನ್ನಿಂಗ್ ಸ್ಕೋರ್ ಜೊತೆ ಇಟ್ಟು ಎಲ್ಲ ಬಿಡಿಸ್ಕೋಬಹುದು.

ಒಂದು ಸಬ್‌ನಿಂದ ಮುಂದಿನ ಸಬ್‌ವರೆಗಿನ ಆಟ ಒಂದು ತುಂಡು. ಎದುರು ಟೀಮ್ ಸಬ್ ಮಾಡಿದ್ರೂ ಹೊಸ ತುಂಡೇ. ಎದುರಿನವ್ರ ಜೆರ್ಸಿ ನಂಬರ್ ಎಲ್ಲ ಬರೆಯೋದು ಕಷ್ಟ ಅನ್ಸಿದ್ರೆ ಅವ್ರ ಮುಖ್ಯ ಇಬ್ರು ಮೂವರು ಒಳಗಿದ್ದಾರಾ ಇಲ್ವಾ ಅಂತಾದ್ರೂ ಟಿಕ್ ಹಾಕಿ, ಹಂತ 7ರಲ್ಲಿ ಅದೇ ನಿಮ್ಮನ್ನ ಕಾಪಾಡೋದು.

ಸಾಮಾನ್ಯ ತಪ್ಪು: ಕ್ವಾರ್ಟರ್ ಬ್ರೇಕಲ್ಲಿ ಆದ ಬದಲಾವಣೆ ಬರೆಯದೇ ಇರೋದು. ನೀರು ಕುಡಿಯೋ ಗಡಿಬಿಡೀಲಿ ಕೋಚ್ ಇಬ್ರನ್ನ ಬದಲಾಯಿಸಿರ್ತಾರೆ, ಬರೆಯೋನು ಹಳೇ ಐದನ್ನೇ ಮುಂದುವರ್ಸಿರ್ತಾನೆ. ಪ್ರತಿ ಕ್ವಾರ್ಟರ್ ಶುರುವಲ್ಲಿ ಐದೂ ನಂಬರ್ ಹೊಸದಾಗಿ ಬರೀರಿ, ಬದಲಾಗದೇ ಇದ್ರೂ ಬರೀರಿ.

ಇನ್ನೊಂದು ಕಿರಿಕಿರಿ ಫ್ರೀ ಥ್ರೋ (ಫೌಲ್ ಆದ್ರೆ ಯಾರೂ ಅಡ್ಡ ಬರದೆ ಹಾಕೋ ಒಂದು ಪಾಯಿಂಟಿನ ಶಾಟ್) ಹೊತ್ತಿನ ಸಬ್. 7 ನಂಬರ್ ಹುಡುಗ ಒಳಗೆ ನುಗ್ಗಿ ಫೌಲ್ ಗಿಟ್ಟಿಸ್ದ, ಫ್ರೀ ಥ್ರೋಗೆ ಮುಂಚೆ 15 ಹೋಗಿ 9 ಬಂದ, ಆಮೇಲೆ ಎರಡೂ ಥ್ರೋ ಬಿತ್ತು. ಆ ಎರಡು ಪಾಯಿಂಟ್ ಯಾವ ಐದಕ್ಕೆ? ಫೌಲ್ ಆದಾಗ ಒಳಗಿದ್ದ ಐದಕ್ಕೆ ಕೊಡಿ, ದುಡಿದವ್ರು ಅವ್ರೇ ತಾನೇ.

ಹಂತ 2: ಪೊಸೆಷನ್ ಎಣಿಸಿ, ನಿಮಿಷ ಅಲ್ಲ

ಬಾಲ್ ನಮ್ಮ ಕೈಗೆ ಬಂದಾಗಿನಿಂದ ಅದು ಎದುರಿನವ್ರ ಕೈಗೆ ಹೋಗೋವರೆಗೆ ಒಂದು ಪೊಸೆಷನ್. ಶಾಟ್ ಹಾಕಿ, ಮಿಸ್ಸಾಗಿ, ನಾವೇ ರೀಬೌಂಡ್ ಹಿಡಿದು ಮತ್ತೆ ಹಾಕಿದ್ರೂ ಅದು ಅದೇ ಪೊಸೆಷನ್, ಹೊಸದಲ್ಲ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ, ಯಾಕಂದ್ರೆ ಹತ್ತು ಶೀಟಲ್ಲಿ ಏಳೆಂಟು ಹಾಳಾಗೋದು ಇಲ್ಲೇ.

ಯಾಕೆ ನಿಮಿಷ ಬೇಡ ಅಂದ್ರೆ, ಓಡಿ ಆಡೋ ಐದು ಜನ ಐದು ನಿಮಿಷದಲ್ಲಿ ಹನ್ನೊಂದು ಸಲ ಬಾಲ್ ತಗೊಂಡು ಹೋಗ್ತಾರೆ, ನಿಧಾನಕ್ಕೆ ಪಾಸ್ ಮಾಡೋರು ಏಳು ಸಲ. ನಿಮಿಷದಲ್ಲಿ ಅಳೆದ್ರೆ ಓಡೋರ ಅಟ್ಯಾಕ್ ಚೆನ್ನಾಗಿದೆ ಅನ್ಸುತ್ತೆ, ಡಿಫೆನ್ಸ್ ಕೆಟ್ಟದಾಗಿ ಕಾಣುತ್ತೆ, ಎರಡೂ ಸುಳ್ಳಿರಬಹುದು.

ಎಣಿಸೋನು ಪ್ರತಿ ತುಂಡಿಗೆ ಎರಡು ಸಾಲು ಗೀಟು ಹಾಕಿದ್ರೆ ಸಾಕು, ನಮ್ಮದೊಂದು, ಅವ್ರದೊಂದು. ಪೊಸೆಷನ್ ಮಧ್ಯದಲ್ಲಿ ಸಬ್ ಆದ್ರೆ ಅದು ಮುಗಿದಾಗ ಒಳಗಿದ್ದ ಐದಕ್ಕೆ ಹಾಕಿ, ಫ್ರೀ ಥ್ರೋ ಒಂದು ಬಿಟ್ಟು. ಅದ್ರಲ್ಲಿ ಪಾಯಿಂಟ್ ಯಾರಿಗೆ ಕೊಟ್ರೋ ಪೊಸೆಷನ್ನೂ ಅವ್ರಿಗೇ.

ತಾಳೆ ನೋಡೋಕೆ ಸೂತ್ರ ಇದೆ: ಹಾಕಿದ ಶಾಟ್ (ಬಿದ್ದದ್ದೂ ಮಿಸ್ಸಾದದ್ದೂ ಸೇರಿ), ಕೂಡಿಸು 0.44 ಗುಣಿಸು ಫ್ರೀ ಥ್ರೋ, ಕಳೆ ನಮ್ಮ ಅಟ್ಯಾಕಿಂಗ್ ರೀಬೌಂಡ್ (ನಮ್ಮ ಶಾಟ್ ಮಿಸ್ಸಾದಾಗ ನಾವೇ ಹಿಡಿದದ್ದು), ಕೂಡಿಸು ಟರ್ನೋವರ್ (ಶಾಟ್ ಹಾಕೋಕೆ ಮುಂಚೆನೇ ಬಾಲ್ ಕಳ್ಕೊಂಡದ್ದು). ಶಾಟ್ 64, ಫ್ರೀ ಥ್ರೋ 18, ರೀಬೌಂಡ್ 11, ಟರ್ನೋವರ್ 15 ಅಂತಿಟ್ಕೊಳ್ಳಿ, 64 + 7.9 - 11 + 15, ಅಂದ್ರೆ ಸುಮಾರು 76. ನಿಮ್ಮ ಗೀಟು 74, 77 ಅಂತ ಬಂದಿದ್ರೆ ಚಿಂತೆ ಇಲ್ಲ, 87 ಬಂದಿದ್ರೆ ರೀಬೌಂಡ್ ಎಲ್ಲ ಹೊಸ ಪೊಸೆಷನ್ ಅಂತ ಎಣಿಸಿದ್ದೀರಿ. ಆ 0.44 ಯಾಕೆ ಅಂದ್ರೆ ಎಲ್ಲ ಫ್ರೀ ಥ್ರೋನೂ ಪೊಸೆಷನ್ ಮುಗಿಸಲ್ಲ, ಎರಡರಲ್ಲಿ ಮೊದಲನೇದು ಮುಗಿಸಲ್ಲ, ಬುಟ್ಟಿಗೆ ಬಿದ್ಮೇಲೆ ಸಿಗೋ ಬೋನಸ್ ಥ್ರೋಗೆ ಬೇರೆ ಪೊಸೆಷನ್ ಇಲ್ಲ, ಟೆಕ್ನಿಕಲ್ ಥ್ರೋ (ಅಶಿಸ್ತಿನಂಥ ತಪ್ಪಿಗೆ ಸಿಗೋದು) ಅಂತೂ ಲೆಕ್ಕಕ್ಕೇ ಇಲ್ಲ. ಆ ಅಂಕಿ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಆಟದಿಂದ ತೆಗೆದಿದ್ದು, ಅದಕ್ಕೇ ನಮ್ಮ ಆಟಕ್ಕೆ ಗೀಟೇ ಮೊದ್ಲು, ಸೂತ್ರ ಆಮೇಲೆ.

ಹಂತ 3: ಶೀಟ್‌ಗೆ ತುಂಬಿಸಿ, ತಾಳೆ ಮಾಡಿ

ಒಂದು ತುಂಡಿಗೆ ಒಂದು ಸಾಲು. ಕಾಲಂಗಳು: ಮ್ಯಾಚ್, ಕ್ವಾರ್ಟರ್, ಐದು ಜೆರ್ಸಿ, ನಮ್ಮ ಪಾಯಿಂಟ್, ನಮ್ಮ ಪೊಸೆಷನ್, ಅವ್ರ ಪಾಯಿಂಟ್, ಅವ್ರ ಪೊಸೆಷನ್, ಎದುರಿಗೆ ಯಾರು. ಅದರ ಪಕ್ಕ ಪ್ರತಿ ಆಟಗಾರನಿಗೂ ಒಂದು ಕಾಲಂ, ಒಳಗಿದ್ರೆ 1 ಇಲ್ಲಾಂದ್ರೆ 0. ಈ ಒಂದು-ಸೊನ್ನೆ ಕಾಲಂ ಮಾಡೋಕೆ ಸೋಮಾರಿತನ ಮಾಡ್ಬೇಡಿ, ಜೋಡಿ ಲೆಕ್ಕ ಪೂರ್ತಿ ಅದ್ರ ಮೇಲೇ ನಿಂತಿರೋದು.

ಜೆರ್ಸಿ ಯಾವಾಗ್ಲೂ ಚಿಕ್ಕದರಿಂದ ದೊಡ್ಡದಕ್ಕೆ ಬರೀರಿ. 4, 7, 9, 11, 15 ಒಂದು ಕಡೆ, 7, 4, 15, 9, 11 ಇನ್ನೊಂದು ಕಡೆ ಬರೆದ್ರೆ ಕಂಪ್ಯೂಟರ್‌ಗೆ ಅವೆರಡೂ ಬೇರೆ ಬೇರೆ ಟೀಮ್. ಇನ್ನೊಂದು ಮಜಾ ಏನಂದ್ರೆ ಜೋಡಿನ 4-7 ಅಂತ ಟೈಪ್ ಮಾಡಿದ್ರೆ ಎಕ್ಸೆಲ್ ಅದನ್ನ ತಾರೀಖು ಮಾಡಿ ಕೂರ್ಸುತ್ತೆ, ನಿಮ್ಮ ಪಾಯಿಂಟ್ ಗಾರ್ಡೂ ಸೆಂಟರೂ ಸೇರಿ ಜುಲೈ ನಾಲ್ಕೋ ಏಪ್ರಿಲ್ ಏಳೋ ಆಗಿರ್ತಾರೆ. ಮಧ್ಯದಲ್ಲಿ ಅಂಡರ್‌ಸ್ಕೋರ್ ಹಾಕಿ ಇಲ್ಲಾಂದ್ರೆ ಆ ಕಾಲಂನ್ನ ಮೊದ್ಲೇ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿಡಿ.

ಮುಂದೆ ಹೋಗೋಕೆ ಮುಂಚೆ ಮೂರು ತಾಳೆ, ಮೂರೂ ಮಾಡ್ಲೇಬೇಕು. ಎಲ್ಲ ತುಂಡಿನ ಪಾಯಿಂಟ್ ಕೂಡಿಸಿದ್ರೆ ಮ್ಯಾಚ್ ಸ್ಕೋರೇ ಬರ್ಬೇಕು. ಎಲ್ಲ ಆಟಗಾರರ ಪ್ಲಸ್ ಮೈನಸ್ (ಒಬ್ಬ ಒಳಗಿದ್ದಾಗ ನಮ್ಗೆ ಬಂದ ಪಾಯಿಂಟಲ್ಲಿ ಅವ್ರಿಗೆ ಬಂದದ್ದನ್ನ ಕಳೆದ್ರೆ ಉಳಿಯೋದು) ಕೂಡಿಸಿದ್ರೆ ಗೆದ್ದ ಅಂತರದ ಐದು ಪಟ್ಟು ಬರ್ಬೇಕು, 8 ಪಾಯಿಂಟಿಂದ ಗೆದ್ದಿದ್ರೆ 40. ಆಮೇಲೆ ಒಂದು ಕ್ವಾರ್ಟರಲ್ಲಿ ನಮ್ಮ ಪೊಸೆಷನ್ನಿಗೂ ಅವ್ರದಕ್ಕೂ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಯಾಕಂದ್ರೆ ಬಾಲ್ ಒಂದ್ಸಲ ನಮ್ಗೆ ಒಂದ್ಸಲ ಅವ್ರಿಗೆ ತಾನೇ ಬರೋದು. ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಆಗಿ ಫ್ರೀ ಥ್ರೋ ಜೊತೆ ಬಾಲೂ ಸಿಕ್ಕಿದ್ರೆ ಮಾತ್ರ ಇದು ಸ್ವಲ್ಪ ಜಗ್ಗಬಹುದು. ಮೂರಲ್ಲಿ ಒಂದು ತಪ್ಪಿದ್ರೂ ನಿಲ್ಲಿಸಿ, ವೀಡಿಯೊ ಹಾಕಿ ಸರಿ ಮಾಡಿ.

ವೀಡಿಯೊ ಅಂದ್ನಲ್ಲ, ಫೋನ್ ಅಡ್ಡ ಇಟ್ಟು, ಮಧ್ಯ ಗೆರೆ ಹತ್ರ, ಸಾಧ್ಯವಾದಷ್ಟು ಎತ್ತರದಲ್ಲಿ ನಿಲ್ಸಿ. ಮಡಿಕೇರೀಲಿ ಜುಲೈ ಆಗಸ್ಟಲ್ಲಿ ಓಪನ್ ಕೋರ್ಟ್ ಆದ್ರೆ ಮಂಜು ಇಳಿದು ಆಚೆ ಬುಟ್ಟಿನೇ ಕಾಣಲ್ಲ, ಅಂಥ ದಿನ ಪಕ್ಕದಲ್ಲಿ ಒಬ್ರು ನಿಂತು ಜೋರಾಗಿ ಜೆರ್ಸಿ ನಂಬರ್ ಹೇಳ್ತಾ ಇದ್ರೆ ಫೋನಲ್ಲಿ ದನಿಯಾದ್ರೂ ರೆಕಾರ್ಡ್ ಆಗಿರುತ್ತೆ.

ಹಂತ 4: ನೂರು ಪೊಸೆಷನ್ನಿಗೆ ಎಷ್ಟು ಅಂತ ತೆಗೀರಿ

ಇದು ಸುಲಭ. ನಮ್ಮ ಪಾಯಿಂಟ್ ಭಾಗಿಸು ನಮ್ಮ ಪೊಸೆಷನ್ ಗುಣಿಸು 100, ಅದು ಅಟ್ಯಾಕ್ ರೇಟಿಂಗ್. ಅವ್ರದ್ದೂ ಹಾಗೇ, ಅದು ಡಿಫೆನ್ಸ್ ರೇಟಿಂಗ್. ಮೊದಲನೇದ್ರಿಂದ ಎರಡನೇದು ಕಳೆದ್ರೆ ನೆಟ್ ರೇಟಿಂಗ್.

ಉದಾಹರಣೆಗೆ ಅಂತ ಎರಡು ಲೈನಪ್ ಇಟ್ಕೊಳ್ಳೋಣ. ಮೊದಲನೇದು 4, 7, 9, 11, 15: ನಮ್ಮ 62 ಪೊಸೆಷನ್, 66 ಪಾಯಿಂಟ್, ಅವ್ರ 61 ಪೊಸೆಷನ್, 55 ಪಾಯಿಂಟ್. ಅಟ್ಯಾಕ್ 106.5, ಡಿಫೆನ್ಸ್ 90.2, ನೆಟ್ ಪ್ಲಸ್ 16.3. ಎರಡನೇದ್ರಲ್ಲಿ 11ರ ಬದಲು 12: ಎರಡೂ ಕಡೆ 18 ಪೊಸೆಷನ್, ನಮ್ಗೆ 24 ಪಾಯಿಂಟ್, ಅವ್ರಿಗೆ 14. ನೆಟ್ ಪ್ಲಸ್ 55.6. ಇಲ್ಲೇ ಜನ ಕುಣಿದಾಡಿ 11ನ್ನ ಬೆಂಚಲ್ಲಿ ಕೂರ್ಸೋದು. ಸ್ವಲ್ಪ ತಡೀರಿ, ಈ ಎರಡು ಲೈನಪ್ ಹಂತ 6ರಲ್ಲಿ ಮತ್ತೆ ಬರುತ್ತೆ.

ಹಂತ 5: ಜೋಡಿಯಿಂದ ಶುರು ಮಾಡಿ, ಐದರಿಂದ ಅಲ್ಲ

ಹನ್ನೆರಡು ಜನರ ಟೀಮಲ್ಲಿ ಐದು ಜನರ ಗುಂಪು 792 ರೀತಿ ಮಾಡಬಹುದು. ಜೋಡಿ ಆದ್ರೆ ಬರೀ 66. ನಲವತ್ತು ನಿಮಿಷದ ಮ್ಯಾಚಲ್ಲಿ ಒಂದು ಟೀಮಿಗೆ ಎಪ್ಪತ್ತು ಎಂಬತ್ತು ಪೊಸೆಷನ್ ಸಿಕ್ಕಿದ್ರೆ ಹೆಚ್ಚು, ಅದನ್ನ ಐದರ ಗುಂಪುಗಳಿಗೆ ಹಂಚಿದ್ರೆ ಒಂದೊಂದಕ್ಕೂ ಪುಡಿಗಾಸು ಬರುತ್ತೆ. ಅದೇ ಜೋಡಿಗೆ ಹಂಚಿದ್ರೆ ಒಂದು ಸೀಸನ್ನಿಗೆ ನೂರಾರು ಪೊಸೆಷನ್ ಕೂಡುತ್ತೆ, ಮಾತಾಡೋಕೆ ಏನಾದ್ರೂ ಇರುತ್ತೆ.

ಪ್ರತಿ ಮುಖ್ಯ ಜೋಡಿಗೂ ನಾಲ್ಕು ಮನೆಯ ಪಟ್ಟಿ ಮಾಡಿ: ಇಬ್ರೂ ಒಳಗೆ, ಮೊದಲನೆಯವ ಮಾತ್ರ ಒಳಗೆ, ಎರಡನೆಯವ ಮಾತ್ರ ಒಳಗೆ, ಇಬ್ರೂ ಹೊರಗೆ. ಒಂದು-ಸೊನ್ನೆ ಕಾಲಂ ಇದ್ರೆ ಶೀಟಲ್ಲಿರೋ ಸಮ್‌ಇಫ್ಸ್ (SUMIFS) ಸೂತ್ರ ಹಾಕಿ ಎರಡು ನಿಮಿಷದ ಕೆಲಸ.

7 ಮತ್ತು 11 ಒಟ್ಟಿಗೆ ಇದ್ದಾಗ ನೆಟ್ ಪ್ಲಸ್ 9 ಬಂತು ಅನ್ನಿ. ಆಹಾ ಒಳ್ಳೆ ಜೋಡಿ ಅನ್ಸುತ್ತೆ. ಆದ್ರೆ 7 ಮಾತ್ರ ಇದ್ದಾಗ್ಲೂ ಪ್ಲಸ್ 8, 11 ಮಾತ್ರ ಇದ್ದಾಗ ಮೈನಸ್ 6 ಇದ್ರೆ? ಹೊರೆ ಹೊತ್ತಿರೋದು 7, ಪಕ್ಕದಲ್ಲಿ ನಡೀತಿರೋನು 11. ಬೇರೆ ಥರಾನೂ ಬರಬಹುದು, ಬೇರೆ ಬೇರೆ ಇದ್ದಾಗ ಇಬ್ರೂ ಸೊನ್ನೆ ಹತ್ರ, ಒಟ್ಟಿಗೆ ಇದ್ದಾಗ ಪ್ಲಸ್ 9. ನಿಜವಾದ ಹೊಂದಾಣಿಕೆ ಅಂದ್ರೆ ಇದು, ಹುಡುಕ್ಬೇಕಾದ್ದೂ ಇದನ್ನೇ. ಇದರ ಉಲ್ಟಾನೂ ಅಷ್ಟೇ ಮುಖ್ಯ: ಇಬ್ರು ಸ್ಟಾರ್‌ಗಳು ಬೇರೆ ಬೇರೆ ಇದ್ದಾಗ ಚೆನ್ನಾಗಿ, ಒಟ್ಟಿಗೆ ಇದ್ದಾಗ ಸಪ್ಪೆ. ಇಬ್ರಿಗೂ ಬಾಲ್ ಕೈಯಲ್ಲೇ ಬೇಕು ಅಂದಾಗ ಹೀಗೇ ಆಗೋದು.

ಎಚ್ಚರಿಕೆ: ಕೆಲವು ಜೋಡಿ ಬೇರೆ ಆಗೋದೇ ಇಲ್ಲ. ಕೋಚ್ ಯಾವಾಗ್ಲೂ ಇಬ್ರನ್ನ ಒಟ್ಟಿಗೇ ಇಳಿಸಿ ಒಟ್ಟಿಗೇ ಕರೆದ್ರೆ ಮಧ್ಯದ ಎರಡು ಮನೆ ಖಾಲಿ ಇರುತ್ತೆ, ಆಗ ಯಾರಿಂದ ಏನಾಯ್ತು ಅಂತ ಯಾವ ಲೆಕ್ಕಾನೂ ಹೇಳಲ್ಲ. ಪ್ರಾಕ್ಟೀಸ್ ಮ್ಯಾಚಲ್ಲಿ ಬೇಕಂತಲೇ ಬೇರೆ ಮಾಡಿ ಆಡ್ಸಿ.

ಹಂತ 6: ಸಣ್ಣ ನಂಬರನ್ನ ಕುಗ್ಗಿಸಿ

ಒಂದು ಪೊಸೆಷನ್ನಿಂದ ಸೊನ್ನೆ ಬರುತ್ತೆ, ಇಲ್ಲ ಒಂದು, ಇಲ್ಲ ಎರಡು, ಇಲ್ಲ ಮೂರು. ಈ ಏರಿಳಿತ ಎಷ್ಟಿರುತ್ತೆ ಅಂದ್ರೆ ಎರಡೂ ಕಡೆ ನೂರು ಪೊಸೆಷನ್ ಆಡಿದ್ರೂ ನೆಟ್ ರೇಟಿಂಗ್ ಬರೀ ಅದೃಷ್ಟದಿಂದ ಆಚೆ ಈಚೆ 15ರಷ್ಟು ಅಲ್ಲಾಡೋದು ಮಾಮೂಲು. ನಾನೂರು ಪೊಸೆಷನ್ ಆದ್ರೆ ಅಲ್ಲಾಟ ಏಳೆಂಟಕ್ಕೆ ಇಳಿಯುತ್ತೆ, ಅಂದ್ರೆ ಆಟ ನಾಲ್ಕು ಪಟ್ಟಾದ್ರೆ ಅನುಮಾನ ಅರ್ಧ ಆಗುತ್ತೆ ಅಷ್ಟೇ.

ಪರಿಹಾರ ಸರಳ. ಪೊಸೆಷನ್ ಸಂಖ್ಯೆಯನ್ನ (ಪೊಸೆಷನ್ + 200)ರಿಂದ ಭಾಗಿಸಿ, ಬಂದಿದ್ದನ್ನ ನೆಟ್ ರೇಟಿಂಗಿಗೆ ಗುಣಿಸಿ. ಮೊದಲ ಲೈನಪ್: 62 ಭಾಗಿಸು 262, ಗುಣಿಸು 16.3, ಬಂದಿದ್ದು 3.9. ಎರಡನೇದು: 18 ಭಾಗಿಸು 218, ಗುಣಿಸು 55.6, ಬಂದಿದ್ದು 4.6. ಐವತ್ತೈದಕ್ಕೂ ಹದಿನಾರಕ್ಕೂ ಇದ್ದ ಅಂತರ ಎಲ್ಲಿ ಹೋಯ್ತು? 12 ಚೆನ್ನಾಗಿ ಆಡ್ದ, ಇನ್ನೂ ಸ್ವಲ್ಪ ಆಡ್ಸಿ ನೋಡಿ ಅನ್ನೋದಷ್ಟೇ ಇದ್ರಲ್ಲಿರೋ ಸುದ್ದಿ, 11ನ್ನ ಕೂರ್ಸಿ ಅಂತ ಅಲ್ಲ. 200 ಅನ್ನೋದು ದೇವರು ಬರೆದಿದ್ದಲ್ಲ, ನಿಮ್ಮ ಟೀಮಿಗೆ 150 ಇಟ್ಕೊಳ್ಳಿ, 300 ಇಟ್ಕೊಳ್ಳಿ, ಆದ್ರೆ ಸೀಸನ್ ಮಧ್ಯ ನಿಮ್ಗೆ ಬೇಕಾದ ಹುಡುಗ ಮೇಲೆ ಬರೋ ಹಾಗೆ ಬದಲಾಯಿಸ್ಬೇಡಿ.

ಸಣ್ಣ ತುಂಡು ಎಷ್ಟು ಮೋಸ ಮಾಡುತ್ತೆ ಅನ್ನೋಕೆ 2015ರ ಎನ್‌ಬಿಎ ಫೈನಲ್ಸ್ ನೋಡಿ. ಗೋಲ್ಡನ್ ಸ್ಟೇಟ್ 1-2ರಿಂದ ಹಿಂದಿತ್ತು, ನಾಲ್ಕನೇ ಮ್ಯಾಚಿಗೆ ಅವ್ರ ಕೋಚ್ ಸ್ಟೀವ್ ಕರ್ ಎತ್ತರದ ಸೆಂಟರ್ ಬೋಗಟ್‌ನ ಬಿಟ್ಟು ಇಗ್ವೊಡಾಲಾನ ಶುರುವಿಗೇ ಇಳಿಸಿದ್ರು. ಮೊದ್ಲೇ 0-7 ಹಿಂದೆ ಬಿದ್ರು. ಅಷ್ಟಕ್ಕೇ ಲೆಕ್ಕ ಹಾಕಿದ್ರೆ ಆ ಲೈನಪ್ ದಂಡ. ಕೊನೆಗೆ 103-82ರಿಂದ ಗೆದ್ರು, ಸರಣಿನೂ 4-2ರಿಂದ ಗೆದ್ರು, ಇಗ್ವೊಡಾಲಾನೇ ಫೈನಲ್ಸ್ ಎಂವಿಪಿ, ಅಂದ್ರೆ ಸರಣಿಯ ಶ್ರೇಷ್ಠ ಆಟಗಾರ. ಆ ಐಡಿಯಾ ಹುಟ್ಟಿದ್ದು ನಂಬರ್ ಪಟ್ಟಿಯಿಂದಲ್ಲ, ಹಿಂದಿನ ವರ್ಷದ ಫೈನಲ್ಸ್ ವೀಡಿಯೊ ನೋಡ್ತಾ ಇದ್ದ ಕರ್ ಅವ್ರ ಸಹಾಯಕನಿಗೆ ಹೊಳೆದಿದ್ದು.

ಹಂತ 7: ಎದುರಿಗೆ ಯಾರಿದ್ರು ನೋಡಿ

ನಿಮ್ಮ ಬೆಂಚ್ ಹುಡುಗ್ರು ಆಡೋದು ಸಾಮಾನ್ಯವಾಗಿ ಅವ್ರ ಬೆಂಚ್ ಎದುರಿಗೆ. ಹಾಗಾಗಿ ಎರಡನೇ ಐದರ ನಂಬರ್ ಚೆನ್ನಾಗಿ ಕಂಡ್ರೆ ಆಶ್ಚರ್ಯ ಇಲ್ಲ. ಹಂತ 1ರ ಟಿಕ್ ಈಗ ತೆಗೀರಿ, ಎದುರಿನ ಮುಖ್ಯ ಆಟಗಾರರು ಒಳಗಿದ್ದಾಗಿನ ತುಂಡು ಬೇರೆ, ಇಲ್ಲದಾಗಿನದು ಬೇರೆ ಮಾಡಿ. ಮೊದಲನೇ ಗುಂಪಲ್ಲಿ ಮೈನಸ್, ಎರಡನೇದ್ರಲ್ಲಿ ಭರ್ಜರಿ ಪ್ಲಸ್ ಇದ್ರೆ ಸೆಮಿಫೈನಲಲ್ಲಿ ಆ ಲೈನಪ್ ಕೈಕೊಡುತ್ತೆ.

ಮ್ಯಾಚ್ ತೀರ್ಮಾನ ಆದ್ಮೇಲಿನ ಆಟ ತೆಗೆದುಹಾಕಿ. ನಾಲ್ಕನೇ ಕ್ವಾರ್ಟರಲ್ಲಿ ಅಂತರ 25 ದಾಟಿದ್ರೆ ಅಲ್ಲಿಂದಾಚೆ ಬರೀ ಓಟ. ಈ ಗಡಿ ಸೀಸನ್ ಶುರುವಾಗೋಕೆ ಮುಂಚೆನೇ ಬರೆದಿಡಿ.

ನಮ್ಮ ಕಡೆ ಇನ್ನೊಂದಿದೆ. ಏಪ್ರಿಲ್ ಮೇನಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದ್ರೆ ಅರ್ಧ ಟೀಮ್ ಅಲ್ಲಿ, ಡಿಸೆಂಬರಿಂದ ಕಾಫಿ ಕೊಯ್ಲು ಅಂದ್ರೆ ಇನ್ನೊಂದಷ್ಟು ಜನ ತೋಟದಲ್ಲಿ. ಉಳಿದವ್ರನ್ನ ಹಾಕ್ಕೊಂಡು ಆಡಿದ ಮ್ಯಾಚ್‌ಗಳೂ ಶೀಟಲ್ಲಿ ಕೂತಿರ್ತವೆ, ಅಲ್ಲಿ ಒಬ್ಬನ ನಂಬರ್ ಕೆಟ್ಟದಾಗಿ ಬಂದಿದ್ರೆ ಅದು ಅವನ ತಪ್ಪಲ್ಲ, ಪಕ್ಕದಲ್ಲಿ ಯಾರೂ ಇರ್ಲಿಲ್ಲ ಅಷ್ಟೇ. ಮಳೇಲಿ ಪಾಚಿ ಹಿಡಿದ ಸಿಮೆಂಟ್ ಕೋರ್ಟಲ್ಲಿ ಆಡಿದ್ದೂ ಇಂಡೋರಲ್ಲಿ ಆಡಿದ್ದೂ ಒಂದೇ ಪಟ್ಟೀಲಿ ಬೆರೆಸ್ಬೇಡಿ, ಶೂ ಹಿಡಿತ ಇಲ್ದೆ ಕಟ್ ಮಾಡೋಕಾಗದ ಗಾರ್ಡಿನ ಡಿಫೆನ್ಸ್ ಅಲ್ಲಿ ಅಳೆಯೋಕಾಗಲ್ಲ.

ಇಡೀ ಲೀಗಿನ ಡೇಟಾ ಹಾಕಿ ಎಲ್ಲರ ಪ್ರಭಾವ ಒಟ್ಟಿಗೆ ಬಿಡಿಸೋ ದೊಡ್ಡ ವಿಧಾನಗಳೂ ಇವೆ, ಅಡ್ಜಸ್ಟೆಡ್ ಪ್ಲಸ್ ಮೈನಸ್ ಅಂತಾರೆ. ಎಂಟ್ಹತ್ತು ಮ್ಯಾಚ್ ಇಟ್ಕೊಂಡು ಅದಕ್ಕೆ ಕೈ ಹಾಕ್ಬೇಡಿ.

ಹಂತ 8: ಯಾಕೆ ಅನ್ನೋದನ್ನ ಹುಡುಕಿ

ನೆಟ್ ರೇಟಿಂಗ್ ಏನಾಯ್ತು ಅಂತ ಹೇಳುತ್ತೆ, ಯಾಕಾಯ್ತು ಅಂತ ಹೇಳಲ್ಲ. ನಾಲ್ಕು ಜಾಗ ನೋಡಿ: ಶಾಟಿಂಗ್, ಟರ್ನೋವರ್, ಅಟ್ಯಾಕಿಂಗ್ ರೀಬೌಂಡ್, ಫ್ರೀ ಥ್ರೋ ಗಿಟ್ಟಿಸೋದು. ನಾಲ್ಕನ್ನೂ ಎರಡೂ ಟೀಮಿಗೆ ತೆಗೀರಿ. ಶಾಟಿಂಗಿಗೆ ಬಿದ್ದ ಶಾಟ್, ಕೂಡಿಸು ಬಿದ್ದ ಮೂರು-ಪಾಯಿಂಟರ್‌ಗಳ ಅರ್ಧ, ಭಾಗಿಸು ಹಾಕಿದ ಶಾಟ್. ಉಳಿದ ಮೂರು ಬರೀ ಶೇಕಡಾ ಲೆಕ್ಕ.

ಇದ್ರಲ್ಲಿ ಯಾವುದು ಗಟ್ಟಿ ಯಾವುದು ಗಾಳಿ ಅಂತ ಗೊತ್ತಿರ್ಬೇಕು. ಎದುರಿನವ್ರ ಫ್ರೀ ಥ್ರೋ ಬಿತ್ತಾ ಮಿಸ್ಸಾಯ್ತಾ ಅನ್ನೋದ್ರಲ್ಲಿ ನಿಮ್ಮ ಐದು ಜನರ ಪಾತ್ರ ಏನೂ ಇಲ್ಲ. ಅವ್ರ ಮೂರು-ಪಾಯಿಂಟರ್ ಬೀಳೋದೂ ಸಣ್ಣ ಲೆಕ್ಕದಲ್ಲಿ ಹೆಚ್ಚಿನಂಶ ಅದೃಷ್ಟ, ಎಷ್ಟು ಸಲ ಓಪನ್ ಬಿಟ್ರಿ ಅನ್ನೋದು ಮಾತ್ರ ನಿಮ್ಮ ಕೈಲಿದೆ. ಒಂದು ಲೈನಪ್ಪಿನ ಡಿಫೆನ್ಸ್ ಸೂಪರ್ ಅಂತ ಕಂಡು, ಒಳಗೆ ನೋಡಿದ್ರೆ ಎದುರಿನವ್ರು ಓಪನ್ ಶಾಟ್ ಒಂಬತ್ತರಲ್ಲಿ ಒಂದು ಹಾಕಿದ್ದಾರೆ ಅಂದ್ರೆ ಅದು ಡಿಫೆನ್ಸ್ ಅಲ್ಲ, ಪುಣ್ಯ. ಅದೇ ಟರ್ನೋವರ್, ರೀಬೌಂಡಲ್ಲಿ ವ್ಯತ್ಯಾಸ ಇದ್ರೆ ಸ್ವಲ್ಪ ಹೆಚ್ಚು ನಂಬಿ.

ಆಮೇಲೆ ಆ ತುಂಡುಗಳ ವೀಡಿಯೊ ಮಾತ್ರ ತೆಗೆದು ನೋಡಿ, ಇಡೀ ಮ್ಯಾಚ್ ಬೇಡ. 9 ಮತ್ತು 15 ಇಬ್ರೂ ಪೋಸ್ಟಲ್ಲೇ (ಬುಟ್ಟಿ ಹತ್ರ) ನಿಂತು ಡ್ರೈವ್ ಮಾಡೋನಿಗೆ ದಾರಿ ಕಟ್ಟಿದ್ದಾರಾ, ಸ್ಕ್ರೀನ್ ಬಂದಾಗ (ನಮ್ಮ ಡಿಫೆಂಡರ್‌ಗೆ ಎದುರಿನವ್ನು ಅಡ್ಡ ನಿಂತಾಗ) "ಸ್ವಿಚ್", ಅಂದ್ರೆ ಕಾಯೋ ಆಟಗಾರನ್ನ ಅದಲುಬದಲು ಮಾಡ್ಕೊಳ್ಳೋಣ ಅಂತ ಯಾರೂ ಕೂಗ್ತಿಲ್ವಾ, ಮಿಸ್ಸಾದ್ಮೇಲೆ ಹಿಂದಕ್ಕೆ ಓಡೋರು ಯಾರು, ಇದೆಲ್ಲ ಹತ್ತು ಪೊಸೆಷನ್ ನೋಡಿದ್ರೆ ಕಣ್ಣಿಗೆ ಹೊಡೆಯುತ್ತೆ. ನಂಬರ್ ಒಂದು ಹೇಳಿ ವೀಡಿಯೊ ಇನ್ನೊಂದು ಹೇಳಿದ್ರೆ ನಾನು ವೀಡಿಯೊ ಕಡೆ, ಕಡೇಪಕ್ಷ ಮುನ್ನೂರು ಪೊಸೆಷನ್ ಆಗೋವರೆಗೆ.

ಹಂತ 9: ಈಗ ಐದರ ಪಟ್ಟಿ ತೆಗೀರಿ

ಈಗ ಮಾತ್ರ ಐದು ಜನರ ಲೈನಪ್ ನೋಡಿ. 40 ಪೊಸೆಷನ್ನಿಗಿಂತ ಕಡಿಮೆ ಇರೋದನ್ನ ಅಡಗಿಸಿಬಿಡಿ, ಕಣ್ಣಿಗೆ ಬಿದ್ರೆ ಮನಸ್ಸು ಅಲ್ಲೇ ಹೋಗುತ್ತೆ. ಕುಗ್ಗಿಸಿದ ನೆಟ್ ಮೇಲಿಂದ ಕೆಳಗೆ ಜೋಡಿಸಿ. ಮೇಲೆ ಬಂದ ಲೈನಪ್ ಒಳಗಿರೋ ಹತ್ತು ಜೋಡಿಗಳನ್ನ ಹಂತ 5ರ ಪಟ್ಟೀಲಿ ಹುಡುಕಿ. ಬಹುಪಾಲು ಜೋಡಿ ಚೆನ್ನಾಗಿದ್ರೆ ನಂಬಬಹುದು. ಜೋಡಿಗಳೆಲ್ಲ ಸಪ್ಪೆ, ಐದು ಮಾತ್ರ ಭರ್ಜರಿ ಅಂದ್ರೆ ಅನುಮಾನ ಪಡಿ. ಒಂದೇ ಮ್ಯಾಚಿಂದ ಅರ್ಧಕ್ಕಿಂತ ಹೆಚ್ಚು ಪ್ಲಸ್ ಬಂದಿದ್ರೂ ಅನುಮಾನ ಪಡಿ, ಆ ಮ್ಯಾಚ್ ತೆಗೆದು ಮತ್ತೆ ಲೆಕ್ಕ ಹಾಕಿ.

ಕೈ ಪಳಗಬೇಕು ಅಂದ್ರೆ ಎನ್‌ಬಿಎಯವ್ರ ಅಂಕಿ-ಅಂಶ ಸೈಟಲ್ಲಿ ಲೈನಪ್ ವಿಭಾಗ ಇದೆ, ಎರಡು ಜನರಿಂದ ಐದು ಜನರವರೆಗೆ ಬೇಕಾದ ಗುಂಪು ನೋಡಬಹುದು. ನಿಮಿಷದ ಫಿಲ್ಟರ್ ಇಲ್ದೆ ನೆಟ್ ರೇಟಿಂಗ್ ಪ್ರಕಾರ ಜೋಡಿಸಿ, ಮೇಲೆ ಎಲ್ಲ ಎರಡು ಮೂರು ನಿಮಿಷ ಆಡಿದ, ಹೆಸರೇ ಕೇಳಿರದ ಗುಂಪುಗಳು ಬರ್ತವೆ. ಆಮೇಲೆ ಫಿಲ್ಟರ್ ಹಾಕಿ, ಪಟ್ಟಿ ಹೇಗೆ ತಲೆಕೆಳಗಾಗುತ್ತೆ ನೋಡಿ.

ಆಟಗಾರರಿಗೆ ಹೇಳೋವಾಗ ನಂಬರ್ ಓದ್ಬೇಡಿ. "ನೀನು ಮೈನಸ್ 6" ಅಂದ್ರೆ ಹದಿನಾರು ವರ್ಷದ ಹುಡುಗ ಮುಂದಿನ ಮ್ಯಾಚಲ್ಲಿ ಬಾಲ್ ಮುಟ್ಟೋಕೇ ಹೆದರ್ತಾನೆ. "ನೀನೂ 15ನೂ ಒಟ್ಟಿಗೆ ಇದ್ದಾಗ ನೀನು ಮೂಲೆಗೆ ಹೋಗು, ಅವನಿಗೆ ಒಳಗೆ ಜಾಗ ಬಿಡು" ಅಂತ ಹೇಳಿ ವೀಡಿಯೊ ತೋರ್ಸಿ. ಹಾಗೆ ಬದಲಾಯಿಸಿದ ತಾರೀಖನ್ನ ಶೀಟಲ್ಲಿ ಬರೆದಿಟ್ಟು, ಅಲ್ಲಿಂದ ಆ ಜೋಡಿಗೆ ಹೊಸ ಲೆಕ್ಕ ಶುರು ಮಾಡಿ, ಹಳೇದನ್ನ ಅದಕ್ಕೆ ಬೆರೆಸ್ಬೇಡಿ.